ಹುಳಕ್ಕಿರುವ ಮಡಿ ತೋಳಿಗಿಲ್ಲ

ಶಿಡ್ಲಘಟ್ಟದ ದಿಬ್ಬೂರಹಳ್ಳಿ ಕಡೆ ರೇಷ್ಮೆಹುಳ ಮೇಯಿಸುವವರ ಮನೆಗೆ ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಹೊಸ್ತಿಲಿಗೆ ಅಡ್ಡವಾಗಿ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿದ ಗೋಣಿಚೀಲ. "ಚಪ್ಪಲಿ ಅಲ್ಲೇ ಬಿಡಿ ಸಾರ್. ಚೀಲದ ಮೇಲೆ ಕಾಲಿಕ್ಕಿ ಬನ್ನಿ, ಕೈ ತೊಳ್ಕೊಳ್ಳಿ. ಏನೂ ಮುಟ್ಬೇಡಿ." ಹಾಲುತೊಂಡೆ ರೋಗವೋ ಸುಣ್ಣಕಟ್ಟು ರೋಗವೋ ಒಂದು ಮೂಲೆಯಲ್ಲಿ ಕಾಣಿಸಿಕೊಂಡರೆ ಇಡೀ ಬೆಳೆ ತಿಪ್ಪೆಗೆ ಎಂಬುದು ಇಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು.

ಹಾಗೆ ನನ್ನನ್ನು ನಿಲ್ಲಿಸಿ ಕೈ ತೊಳೆಸಿದ ರೈತರೊಬ್ಬರ ಮುಂಗೈ ಮೇಲೆ ಹೊಸ ಹಚ್ಚೆ ಇತ್ತು. ಮಗಳ ಹೆಸರು, ಪಕ್ಕದಲ್ಲೊಂದು ತ್ರಿಶೂಲ. ಶಿವರಾತ್ರಿ ಜಾತ್ರೆಯಲ್ಲಿ ಹಾಕಿಸಿದ್ದಂತೆ. ಸೂಜಿ ಹೊಸದು ಹಾಕಿದನಾ ಎಂದು ಕೇಳಿದೆ. "ಅದೆಲ್ಲಾ ಯಾರು ನೋಡ್ತಾರೆ ಸಾರ್, ಹಿಂದೆ ಹತ್ತು ಜನ ನಿಂತಿದ್ರು" ಎಂದು ನಕ್ಕರು.

ಮುಂದೆ ಎಷ್ಟು ಜನ ಇದ್ದರು ಎಂಬುದು ನನ್ನ ತಲೆಯಲ್ಲಿ ಉಳಿಯಿತು.

ಜಾತ್ರೆಯ ಹಚ್ಚೆ ಅಂಗಡಿ ಎಂದರೆ ಒಂದು ಟಾರ್ಪಾಲು, ಎರಡು ಸ್ಟೂಲು, ಚಿತ್ರಗಳ ಪ್ಲಾಸ್ಟಿಕ್ ಹಾಳೆ, ಬ್ಯಾಟರಿಗೆ ಸಿಕ್ಕಿಸಿದ ಗುಂಯ್‌ಗುಡುವ ಮಷೀನು. ಬಾಟಲಿಯ ಮುಚ್ಚಳದಲ್ಲಿ ಹಸಿರು ಶಾಯಿ. ಗಟ್ಟಿಯಾದರೆ ಕುಡಿಯುವ ನೀರಿನ ಬಾಟಲಿಯಿಂದಲೇ ಎರಡು ತೊಟ್ಟು. ರಕ್ತ ಜಿನುಗಿದಾಗ ಒರೆಸುವ ಬಟ್ಟೆ ಬೆಳಗಿನಿಂದ ಒಂದೇ. ಒಬ್ಬರದು ಮುಗಿದ ಕೂಡಲೇ ಸೂಜಿಯ ತುದಿಯನ್ನು ಆ ಬಟ್ಟೆಯಲ್ಲೇ ಒರೆಸಿ, ಅದೇ ಮುಚ್ಚಳಕ್ಕೆ ಅದ್ದಿ, ಮುಂದಿನ ತೋಳು. ಸೂಜಿ ಬದಲಾಯಿಸಿದರೂ ಆ ಮುಚ್ಚಳದ ಶಾಯಿ ಹಳೆಯದೇ. ಅದರೊಳಗೆ ಹಿಂದಿನವರ ರಕ್ತ ಆಗಲೇ ಬೆರೆತಿರುತ್ತದೆ. ಹೊಸ ಸೂಜಿ ಕೇಳಿ ಪಡೆದವರೂ ಮೋಸಹೋಗುವುದು ಇಲ್ಲೇ.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದೇನೂ ಹೇಳುವ ಹಾಗಿಲ್ಲ. ನಮ್ಮಜ್ಜಿಯ ಮುಂಗೈ ತುಂಬ ಚೇಳು, ತುಳಸಿಕಟ್ಟೆ, ಸಾಲು ಚುಕ್ಕಿ. ತೆಲುಗು ಮಾತಾಡುವ ಮನೆಗಳಲ್ಲಿ ಇದಕ್ಕೆ ಪಚ್ಚಬೊಟ್ಟು ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಕೊರವಂಜಿ ಊರಿಗೆ ಬಂದು, ಜಗಲಿ ಮೇಲೆ ಕೂತು, ಹಾಡು ಹೇಳುತ್ತಾ, ದಾರ ಸುತ್ತಿದ ಸೂಜಿಗಳಿಂದ ಚುಚ್ಚುತ್ತಿದ್ದಳು. ದೀಪದ ಕಪ್ಪು, ಸೊಪ್ಪಿನ ರಸ, ಎದೆಹಾಲು ಸೇರಿಸಿದ ಬಣ್ಣ, ಮೇಲೆ ಅರಿಶಿನ. ಕೂಲಿ ಒಂದು ಮೊರ ರಾಗಿ, ಹಳೇ ಸೀರೆ. ಸತ್ತಾಗ ಜೊತೆಗೆ ಬರೋದು ಇದೊಂದೇ ಎಂದು ಅಜ್ಜಿ ಹೇಳುತ್ತಿದ್ದಳು. ಆ ಸೂಜಿಯೂ ಬೀದಿಗೆಲ್ಲ ಒಂದೇ. ಆಗ ಯಾರಿಗಾದರೂ ವರ್ಷಗಳ ಮೇಲೆ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದ್ದರೆ ಅದಕ್ಕೂ ಹಚ್ಚೆಗೂ ಗಂಟು ಹಾಕುವವರು ಯಾರೂ ಇರಲಿಲ್ಲ.

ಹಚ್ಚೆ ಚರ್ಮದ ಮೇಲಿನ ಬಣ್ಣವಲ್ಲ. ಮೇಲ್ಪದರ ದಾಟಿ ಒಂದೆರಡು ಮಿಲಿಮೀಟರ್ ಒಳಗೆ, ರಕ್ತನಾಳಗಳಿರುವ ಪದರಕ್ಕೇ ಶಾಯಿ ಇಳಿಯಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಹಾಗಾಗಿ ಸೂಜಿಯಲ್ಲಿ ಏನಿದೆಯೋ ಅದೂ ರಕ್ತಕ್ಕೆ ಇಳಿಯುತ್ತದೆ. ಜನ ಹೆದರುವುದು ಎಚ್‌ಐವಿಗೆ. ಹೆದರಬೇಕಾದದ್ದು ಮೊದಲು ಹೆಪಟೈಟಿಸ್ ಬಿ ಮತ್ತು ಸಿಗೆ. ಆಸ್ಪತ್ರೆ ಸಿಬ್ಬಂದಿಗೆ ರೋಗಿಯ ಸೂಜಿ ಚುಚ್ಚಿದ ಪ್ರಕರಣಗಳ ಲೆಕ್ಕ ನೋಡಿ: ಎಚ್‌ಐವಿ ಅಂಟುವುದು ಸಾವಿರಕ್ಕೆ ಸುಮಾರು 3 ಸಲ, ಹೆಪಟೈಟಿಸ್ ಸಿ ನೂರಕ್ಕೆ ಸುಮಾರು 2 ಸಲ, ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 6ರಿಂದ 30 ಸಲ. ಈ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಸೋಮವಾರದ ಜಾತ್ರೆಯ ಸೂಜಿ ಶನಿವಾರದ ಸಂತೆಗೂ ರೋಗ ಹೊತ್ತು ಬರಬಲ್ಲದು.

ಹುಳ ಸಾಕುವವರಿಗೆ ಹೀಗೆ ದಾಟುವ ರೋಗದ ಕಥೆ ಹೊಸದಲ್ಲ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಗಂಟುರೋಗ ಬೆಳೆಯನ್ನೆಲ್ಲ ನುಂಗುತ್ತಿದ್ದಾಗ ಲೂಯಿ ಪಾಶ್ಚರ್ ಅಲೇಸ್ ಎಂಬ ಊರಿಗೆ ಹೋಗಿ ವರ್ಷಗಟ್ಟಲೆ ಹುಳುಮನೆಗಳಲ್ಲೇ ಕಳೆದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನೇ ಎಸೆ ಎಂದು ತೋರಿಸಿಕೊಟ್ಟ. ಇವತ್ತು ಶಿಡ್ಲಘಟ್ಟದ ರೈತ ರೋಗರಹಿತ ಮೊಟ್ಟೆ ಎಂದು ಕೇಳಿ ಪಡೆಯುವುದು ಅದೇ ವಿದ್ಯೆಯ ಫಲ. ಗಂಟುರೋಗದಂತೆ ಹೆಪಟೈಟಿಸ್ ಬಿಯೂ ತಾಯಿಯಿಂದ ಮಗುವಿಗೆ ದಾಟುತ್ತದೆ. ದೊಡ್ಡವರಿಗೆ ಅಂಟಿದರೆ ಬಹುಪಾಲು ಮೈ ತಾನೇ ಗೆದ್ದು ಬಿಡುತ್ತದೆ. ಹುಟ್ಟುವಾಗ ಅಂಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳಿಯುತ್ತದೆ. ಹೆರಿಗೆಯಾದ 24 ಗಂಟೆಯೊಳಗೆ ಮಗುವಿನ ತೊಡೆಗೆ ಲಸಿಕೆ ಹಾಕುವುದು ಅದಕ್ಕೇ.

ಶಾಯಿಯದೇ ಬೇರೆ ತಲೆನೋವು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 2011-12ರಲ್ಲಿ 19 ಮಂದಿಗೆ ಹಚ್ಚೆಯ ಜಾಗದಲ್ಲಿ ವಾರಗಟ್ಟಲೆ ಮಾಯದ ಕೆಂಪು ಗುಳ್ಳೆಗಳೆದ್ದವು. ಕ್ಷಯದ ಕ್ರಿಮಿಗೆ ದೂರದ ನೆಂಟನಾದ ಕ್ರಿಮಿಯೊಂದು, ಅಂಗಡಿಗೆ ಬರುವ ಮೊದಲೇ ನೀರು ಬೆರೆಸಿ ತಿಳಿಮಾಡಿದ್ದ ಬೂದು ಶಾಯಿಯಲ್ಲಿತ್ತು. ನಮ್ಮಲ್ಲೂ 2025ರಲ್ಲಿ ಶಾಯಿಯ ಮಾದರಿಗಳಲ್ಲಿ 22 ಲೋಹಗಳು ಸಿಕ್ಕಿವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಗುಣಮಟ್ಟ ನಿಗದಿ ಮಾಡಬೇಕೆಂಬ ಮಾತು ಕೇಂದ್ರದ ಕಡೆ ಹೋಯಿತು. ಕಾನೂನು ಬೆಂಗಳೂರಿನ ಸ್ಟುಡಿಯೋಗಳನ್ನು ಮೊದಲು ಮುಟ್ಟಬಹುದು. ಟಾರ್ಪಾಲಿನ ಕೆಳಗೆ ಅದು ಬರುವವರೆಗೆ ನಮ್ಮ ಕಣ್ಣೇ ಇನ್‌ಸ್ಪೆಕ್ಟರ್.

ಆ ಕಣ್ಣಿಗೆ ಕೆಲಸ ಹೆಚ್ಚೇನಿಲ್ಲ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರು ಹರಿಯಬೇಕು, ಶಾಯಿಯನ್ನು ನಿಮಗೆಂದೇ ಹೊಸ ಮುಚ್ಚಳಕ್ಕೆ ಸುರಿಯಬೇಕು, ಕೈಗವಸು ಹೊಸದಿರಬೇಕು; ಕೂದಲು ಬೋಳಿಸುವ ಬ್ಲೇಡೂ ಹೊಸದೇ. ಡೆಟಾಲಲ್ಲಿ ಅದ್ದಿದ್ದೀನಿ, ಬಿಸಿನೀರಲ್ಲಿ ಕುದಿಸಿದ್ದೀನಿ ಎಂದರೆ ಎದ್ದು ಬನ್ನಿ. ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿಯಲ್ಲಿ, ಒತ್ತಡದ ಹಬೆಯಲ್ಲಿ ಮಾಡುವ ಕೆಲಸವನ್ನು ಸ್ಟೌ ಮೇಲಿನ ಪಾತ್ರೆ ಮಾಡಲಾರದು. ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು ಈ ಆಸೆಯನ್ನೇ ಬಿಡುವುದು ಒಳ್ಳೆಯದು. ಸೈನ್ಯಕ್ಕೆ ಸೇರಬೇಕೆಂದು ಬೆಳಿಗ್ಗೆ ಐದಕ್ಕೆ ರಸ್ತೆಯಲ್ಲಿ ಓಡುವ ಹುಡುಗರು ಎದೆಗೆ ಭುಜಕ್ಕೆ ಹಾಕಿಸುವ ಮೊದಲು ಭರ್ತಿಯ ನಿಯಮ ಓದಲಿ: ಮುಂಗೈಯ ಒಳಮೈ ಮತ್ತು ಅಂಗೈಯ ಹಿಂಬದಿ ಬಿಟ್ಟರೆ ಬೇರೆಡೆ ಹಚ್ಚೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಹಾಕಿಸಿಕೊಂಡ ಮೇಲೆ ಅದೊಂದು ಗಾಯ. ಸೋಪು, ಶುದ್ಧ ನೀರು ಸಾಕು. ಅರಿಶಿನ, ಬೂದಿ ಬೇಡ. ಫಿಲೇಚರ್‌ನಲ್ಲಿ ನೂಲು ತೆಗೆಯುವವರು ಗೂಡು ಬೇಯಿಸಿದ ನೀರಿಗೆ ಆ ಕೈ ಅದ್ದುವ ಮೊದಲು ಎರಡು ವಾರ ಕಾಯಬೇಕು. ದಿನಗೂಲಿಯವರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂಬುದೂ ನಿಜ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ, ಅಥವಾ ಎರಡು ಮೂರು ವಾರದ ಮೇಲೆ ಗುಳ್ಳೆಯೆದ್ದರೆ ಮೆಡಿಕಲ್ ಶಾಪಿನ ಮುಲಾಮು ನಂಬಿ ಕೂರದೆ ವೈದ್ಯರಿಗೆ ತೋರಿಸಿ, ಹಚ್ಚೆ ಹಾಕಿಸಿದ ವಿಷಯ ಮುಚ್ಚಿಡದೆ ಹೇಳಿ.

ಬೇರೆಯವರ ರಕ್ತ ತಾಗಿದ ಸೂಜಿಯೇ ಎಂಬ ಅನುಮಾನ ಬಲವಾಗಿದ್ದರೆ 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಬೇಕೆನಿಸಿದರೆ ಎಚ್‌ಐವಿ ತಡೆಯಲು 28 ದಿನದ ಮಾತ್ರೆ ಕೊಡುತ್ತಾರೆ. ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಯೂ ಆಗಲೇ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳಿಗೆ ಸಿಗುವಂತಾದದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದವರು, ಅಂದರೆ ಇವತ್ತು ಹಚ್ಚೆ ಅಂಗಡಿ ಮುಂದೆ ನಿಂತಿರುವ ಬಹುತೇಕರು, ಹಾಕಿಸಿಕೊಂಡೇ ಇರಲಾರರು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಆದರೆ ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕ ಎಲ್ಲರೂ ವಾಸಿಯಾಗುತ್ತಾರೆ. 2018ರಿಂದ ಸರ್ಕಾರದ ಕಾರ್ಯಕ್ರಮದಡಿ ಇದರ ತಪಾಸಣೆ, ಔಷಧಿ ಎರಡೂ ಉಚಿತ. ಎಚ್‌ಐವಿ ಬಗ್ಗೆ ಕೇಳಲು 1097.

ಆ ರೈತರ ಹುಳುಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಚಾಕಿ ಮರಿಹುಳ ತಂದ ದಿನ, ಪೊರೆ ಬಿಡುವ ಮೂರನೇ ಜ್ವರ, ನಾಲ್ಕನೇ ಜ್ವರ, ಹುಳ ಹಣ್ಣಾಗುವ ದಿನ, ಎಲ್ಲಕ್ಕೂ ಪೆನ್ನಿನ ಗುರುತು. ಶಿವರಾತ್ರಿಯಿಂದ ಮೂರು ತಿಂಗಳು ಎಣಿಸಿದೆವು. ರಕ್ತ ಪರೀಕ್ಷೆಗೆ ಆಗ ಹೋದರೆ ಫಲಿತಾಂಶವನ್ನು ಬಹುಮಟ್ಟಿಗೆ ನಂಬಬಹುದು. ಮಧ್ಯೆ ಎರಡು ಬೆಳೆ ಬಂದು ಹೋಗಿರುತ್ತದೆ. ಅವರು ಪೆನ್ನು ತೆಗೆದುಕೊಂಡು, ಆ ತಾರೀಖಿಗೆ ಸುತ್ತು ಹಾಕಿ, ಹೆಂಡತಿಗೆ ಕಾಣದಿರಲೆಂದೋ ಏನೋ, ಪಕ್ಕದಲ್ಲಿ "ಸೊಪ್ಪು" ಎಂದು ಬರೆದರು.