ಗೋಳಗುಮ್ಮಟದ ಚಿತ್ರವೂ ನೀರಿನ ಗುಣವೂ

ವಿಜಯಪುರದ ಗೋಳಗುಮ್ಮಟವನ್ನು ಮಸಿಯ ರೇಖೆಗಳಲ್ಲಿ ಬರೆದು ಜಲವರ್ಣ ತುಂಬುವ ವಿದ್ಯಾರ್ಥಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಕೈಯ ದೋಷದಿಂದಲ್ಲ, ನೀರಿನ ಗುಣದಿಂದ ಬರತಕ್ಕವು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಈ ಸಮಾಧಿಯು ಚಿತ್ರಕಾರನಿಂದ ಎರಡು ಬಗೆಯ ಕೆಲಸವನ್ನು ಬೇಡುತ್ತದೆ. ಮೂಲೆಗಳಲ್ಲಿರುವ ಏಳಂತಸ್ತಿನ ಅಷ್ಟಕೋನ ಗೋಪುರಗಳಿಗೆ ಚೂಪಾದ ಅಂಚು ಬೇಕು; ಸುಮಾರು 44 ಮೀಟರು ಹೊರವ್ಯಾಸದ ಗುಮ್ಮಟಕ್ಕೆ ಬೆಳಕಿನಿಂದ ನೆರಳಿಗೆ ಮೆಲ್ಲನೆ ಜಾರುವ ಬಣ್ಣ ಬೇಕು.

ಮೊದಲು ರೇಖೆಯನ್ನು ನೋಡೋಣ. ಫೌಂಟನ್ ಪೆನ್ನಿನ ಸಾಮಾನ್ಯ ಮಸಿಯಲ್ಲಿ ಬಣ್ಣವು ನೀರಿನಲ್ಲಿ ಕರಗಿರುತ್ತದೆ. ಒಣಗಿದ ಮೇಲೂ ಒದ್ದೆ ಕುಂಚ ತಾಗಿದೊಡನೆ ಅದು ಮತ್ತೆ ಕರಗಿ, ಕಾಗದದ ನಾರುಗಳ ನಡುವಣ ಸೂಕ್ಷ್ಮ ಸಂದುಗಳಲ್ಲಿ ಕೇಶಾಕರ್ಷಣೆಯಿಂದ ಹರಡುತ್ತದೆ. ಚಿತ್ರಕಾರರು ಬಳಸುವ ನೀರಿಗೆ ಜಗ್ಗದ ಕಪ್ಪು ಮಸಿಯಲ್ಲಿರುವುದು ಇಂಗಾಲದ ಕಣಗಳು. ಅವನ್ನು ಹಿಡಿದಿಡಲು ಅರಗಿನಂಥ ವಸ್ತುವನ್ನು ಸೇರಿಸಿರುತ್ತಾರೆ. ಅದು ಒಣಗಿದ ಮೇಲೆ ನೀರಿಗೆ ಬಿಡದು.

ಬಣ್ಣದ ಲೆಕ್ಕವು ಇದಕ್ಕಿಂತ ಸ್ವಾರಸ್ಯವಾದುದು. ಜಲವರ್ಣದಲ್ಲಿ ಬೆಳಗುವ ಬಿಳುಪು ಕಾಗದದ್ದೇ. ಬೆಳಕು ತೆಳುವಾದ ಬಣ್ಣದ ಪದರವನ್ನು ಹಾಯ್ದು, ಕಾಗದದಿಂದ ಪ್ರತಿಫಲಿಸಿ, ಅದೇ ಪದರವನ್ನು ಮತ್ತೊಮ್ಮೆ ಹಾಯ್ದು ನಮ್ಮ ಕಣ್ಣನ್ನು ಸೇರುತ್ತದೆ. ಪದರವು ಒಂದು ಸಲಕ್ಕೆ ಶೇಕಡ 70ರಷ್ಟು ಬೆಳಕನ್ನು ಬಿಡುವುದೆಂದು ಭಾವಿಸೋಣ. ಆಗ ಹಿಂದಿರುಗುವುದು ಶೇಕಡ 49. ಅಂಥದೇ ಎರಡನೆಯ ಪದರ ಬಿದ್ದರೆ ಶೇಕಡ 24, ಮೂರನೆಯದಕ್ಕೆ 12. ಕಲ್ಲಿನ ಬೂದುಬಣ್ಣವನ್ನು ಮತ್ತೆ ಮತ್ತೆ ತಿದ್ದಿದ ಚಿತ್ರ ಮಂಕಾಗುವುದರಲ್ಲಿ ಆಶ್ಚರ್ಯವೇನು?

ಇನ್ನು ಗುಮ್ಮಟ. ಒದ್ದೆ ಬಣ್ಣದ ಅಂಚು ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ನಷ್ಟವನ್ನು ತುಂಬಲು ನಡುವಿನ ನೀರು ಅಂಚಿನತ್ತ ಹರಿಯುವಾಗ ಬಣ್ಣದ ಕಣಗಳನ್ನೂ ಒಯ್ಯುತ್ತದೆ. ಚೆಲ್ಲಿದ ಕಾಫಿಯ ಕಲೆಗೆ ಕಪ್ಪು ಅಂಚು ಮೂಡುವುದೂ ಹೀಗೆಯೇ. ಮನೆಮನೆಯಲ್ಲಿ ಕಾಣುವ ಈ ಸಂಗತಿಯನ್ನು ಷಿಕಾಗೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಈ ರೀತಿ ವಿವರಿಸಿದ್ದು 1997ರಷ್ಟು ಈಚೆಗೆ! ವಿಜಯಪುರದ ಬೇಸಗೆಯ ಒಣಗಾಳಿಯಲ್ಲಂತೂ ಅಂಚು ಬೇಗನೆ ಒಣಗಿ ಗೆರೆ ನಿಲ್ಲುತ್ತದೆ; ಗುಂಡಾದ ಗುಮ್ಮಟ ಚಪ್ಪಟೆ ತಟ್ಟೆಯಾಗುತ್ತದೆ. ಆದುದರಿಂದ ಗುಮ್ಮಟದ ಭಾಗವನ್ನಷ್ಟೇ ಶುದ್ಧ ನೀರಿನಿಂದ ಮೊದಲು ತೇವಗೊಳಿಸಿ, ಆ ಹೊಳಪು ಆರುವ ಮುನ್ನ ನೆರಳಿನ ಬಣ್ಣವನ್ನು ಮುಟ್ಟಿಸಬೇಕು. ಗೋಪುರಗಳಿಗೆ ಈ ಉಪಚಾರ ಬೇಡ. ಒಣ ಕಾಗದದ ಮೇಲೆ ಮೂಡುವ ಕಪ್ಪು ಅಂಚೇ ಅಲ್ಲಿ ಕಲ್ಲಿನ ಮೂಲೆಯನ್ನು ತೋರಿಸಿಕೊಡುತ್ತದೆ.

ಇಟ್ಟಂಗಿಹಾಳದ ಕಡೆಯ ಬಯಲಿನಂತಹ ದೂರದ ನೆಲೆಯಿಂದ ನೋಡಿ ಬರೆಯುವಂತಾದರೆ ಲೆಕ್ಕ ಬೇರೆ. 10 ಕಿಲೋಮೀಟರು ದೂರಕ್ಕೆ ಗುಮ್ಮಟದ ಅಗಲ ಕಾಲು ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಅರ್ಧದಷ್ಟು ಮಾತ್ರ. ನಡುವಣ ಗಾಳಿ ಚೆದರಿಸಿದ ಬೆಳಕು ಅದರ ಮೇಲೆ ತೆಳುನೀಲಿಯನ್ನು ಹೊದಿಸುತ್ತದೆ. ಅಲ್ಲಿ ಮಸಿಯನ್ನು ಕೈಬಿಟ್ಟು, ನೀರು ಹೆಚ್ಚಾಗಿ ಬೆರೆಸಿದ ಒಂದೇ ಪದರದಿಂದ ಮುಗಿಸುವುದು ಲೇಸು.