ಆತಿಥೇಯರಿಲ್ಲದ ಮನೆಯಲ್ಲಿ ಅತಿಥಿಗಳಾಗಿ

“ಇದು ಯಾರ ಮನೆ?”

ದುಬೈಯ ದೇರಾದಲ್ಲಿ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ ನನ್ನ ಅತ್ತೆ ಕೇಳಿದ ಮೊದಲ ಪ್ರಶ್ನೆಯಿದು. ಹೋಟೆಲ್ ಎಂದರೆ ಅವರ ಕಣ್ಣಲ್ಲಿ ಎರಡು ಮಂಚ, ಒಂದು ಟಿ.ವಿ., ಕೆಳಗಡೆ ಊಟದ ಹಾಲ್. ಇಲ್ಲಿ ನೋಡಿದರೆ ಹಜಾರ, ಎರಡು ಮಲಗುವ ಕೋಣೆ, ಫ್ರಿಜ್ಜು, ಒಲೆ, ಬಟ್ಟೆ ಒಗೆಯುವ ಯಂತ್ರ, ಕಪಾಟಿನಲ್ಲಿ ಆರು ತಟ್ಟೆ, ಆರು ಲೋಟ! ಮನೆಯವರು ಪೇಟೆಗೆ ಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎಂಬಂತೆ ಅತ್ತೆ ಸೋಫಾದ ತುದಿಯಲ್ಲಿ ಮುದುಡಿ ಕುಳಿತರು.

ಗಲ್ಫ್‌ನಲ್ಲಿ ಇದಕ್ಕೆ ‘ಹೋಟೆಲ್ ಅಪಾರ್ಟ್‌ಮೆಂಟ್’ ಎನ್ನುತ್ತಾರೆ. ಹೋಟೆಲಿನಂತೆ ದಿನದ ಬಾಡಿಗೆ, ಮನೆಯಂತೆ ಅಡುಗೆಕೋಣೆ. ದೇರಾ, ಬರ್ ದುಬೈ, ಅಲ್ ಬರ್ಶಾ ಮುಂತಾದ ಕಡೆ ಇಂಥವು ಬಹಳ. ಇವು ಶ್ರೀಮಂತರ ಶೋಕಿ ಎಂದು ನಾನೂ ಭಾವಿಸಿದ್ದೆ. ಆದರೆ ನಮ್ಮ ಕರಾವಳಿಯ ಎಷ್ಟೋ ಗಂಡಸರು ಅಲ್ಲಿ ಒಂದೇ ಕೋಣೆಯನ್ನು ಹಲವರೊಂದಿಗೆ ಹಂಚಿಕೊಂಡು ಬದುಕುತ್ತಾರೆ. ನನ್ನ ಪತಿಯೂ ಹಾಗೆಯೇ. ಹನ್ನೊಂದು ವರ್ಷಗಳಿಂದ ಅವರ ದುಬೈ ಎಂದರೆ ಒಂದು ಮಂಚ ಮತ್ತು ಅದರಡಿಯ ಒಂದು ಪೆಟ್ಟಿಗೆ. ಅಲ್ಲಿಗೆ ತಾಯಿಯನ್ನು, ಹೆಂಡತಿ ಮಕ್ಕಳನ್ನು ಕರೆಯುವುದಾದರೂ ಹೇಗೆ? ಹಣ ಕೂಡಿಸಿ, ರಜೆ ಹೊಂದಿಸಿ, ಹನ್ನೆರಡು ದಿನಗಳ ಮಟ್ಟಿಗೆ ಅವರು ಈ ಮನೆಯನ್ನು ಹಿಡಿದಿದ್ದರು.

ಮೊದಲ ಬೆಳಿಗ್ಗೆ ಎದ್ದು ನೋಡಿದರೆ ಅವರೇ ಚಹಾ ಮಾಡಿ ತಾಯಿಗೆ ಕೊಡುತ್ತಿದ್ದರು. “ಊರಿಗೆ ಬಂದಾಗಲೆಲ್ಲಾ ನಾನೇ ಅತಿಥಿ. ಇಲ್ಲಿ ನೀವು ನನ್ನ ಅತಿಥಿಗಳು” ಎಂದರು. ಅತ್ತೆಯ ಕಣ್ಣು ತುಂಬಿ ಬಂತು. ನನ್ನದೂ.

ಮಹಿಳೆಯರ ಮಟ್ಟಿಗೆ ಇಂತಹ ವಸತಿಯ ಅನುಕೂಲಗಳು ಸಣ್ಣವಲ್ಲ. ಕಿಬ್ಲಾದ ಬಾಣದ ಗುರುತು ಕೋಣೆಯ ಛಾವಣಿಯಲ್ಲೇ ಇತ್ತು. ಶೌಚಾಲಯದಲ್ಲಿ ನೀರಿನ ಪೈಪ್ ಇತ್ತು. ಹಜಾರದ ಬಾಗಿಲು ಮುಚ್ಚಿದರೆ ಹಿಜಾಬ್ ತೆಗೆದಿಟ್ಟು ನಿರಾಳವಾಗಿ ಓಡಾಡಬಹುದು. ಕೈಯಾರೆ ಬೇಯಿಸಿದ ಗಂಜಿ ಅತ್ತೆಯ ಹೊಟ್ಟೆಗೂ ಹಿತ, ಪತಿಯ ಜೇಬಿಗೂ ಹಿತ. ಸಂಜೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಬರ್ ದುಬೈಗೆ ದಾಟಿ, ಮರಳಿ ಬಂದು ಮನೆಯಲ್ಲೇ ಉಣ್ಣುತ್ತಿದ್ದೆವು.

ಫಜೀತಿಯೂ ಆಯಿತು. ಮೂರನೆಯ ದಿನ ಬಂಗುಡೆ ಹುರಿಯಲು ಹೋದೆ. ಹೊಗೆ ಎದ್ದದ್ದೇ ತಡ, ಅಲಾರಂ ಕಿರುಚಿಕೊಂಡಿತು, ಕಾವಲುಗಾರ ಓಡೋಡಿ ಬಂದ! ಹೊಗೆ ಹೀರುವ ಫ್ಯಾನ್ ಹಾಕಬೇಕೆಂದು ನನಗೆ ಹೊಳೆದಿರಲಿಲ್ಲ. ಆದ್ದರಿಂದ ಸಹೋದರಿಯರೇ, ಹೋದ ದಿನವೇ ಒಲೆ, ಫ್ಯಾನ್, ಒಗೆಯುವ ಯಂತ್ರಗಳನ್ನು ಬಳಸುವ ರೀತಿಯನ್ನು ಕೇಳಿ ತಿಳಿಯಿರಿ. ಬಾಡಿಗೆ ಗೊತ್ತು ಮಾಡುವಾಗ ತೆರಿಗೆ ಸೇರಿದೆಯೇ ಎಂದು ವಿಚಾರಿಸಿ. ದುಬೈಯಲ್ಲಿ 2014ರಿಂದ ‘ಟೂರಿಸಂ ದಿರ್ಹಮ್’ ಎಂಬ ಶುಲ್ಕವಿದೆ. ದರ್ಜೆಗೆ ತಕ್ಕಂತೆ ಒಂದು ಕೋಣೆಗೆ ರಾತ್ರಿಯೊಂದಕ್ಕೆ 7ರಿಂದ 20 ದಿರ್ಹಮ್. 2018ರಿಂದ ಶೇ. 5ರ ವ್ಯಾಟ್ ಬೇರೆ. ಠೇವಣಿ ಎಷ್ಟು, ಯಾವಾಗ ಮರಳಿ ಸಿಗುತ್ತದೆ, ಹಾಸಿಗೆ ಬಟ್ಟೆಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ ಎಂಬುದನ್ನೂ ಮೊದಲೇ ಕೇಳಿಕೊಂಡರೆ ಕೊನೆಯ ದಿನ ಮನಸ್ತಾಪವಿರದು.

ಲಿಫ್ಟ್‌ನಲ್ಲಿ ಧಾರವಾಡ ಕಡೆಯ ಒಬ್ಬ ಸಹೋದರಿಯ ಪರಿಚಯವಾಯಿತು. ಅವರೂ ಹನ್ನೆರಡು ದಿನಕ್ಕೆ ಬಂದವರು. ಹನಫಿ ಮದ್ಸ್‌ಹಬ್‌ನ ಪ್ರಕಾರ ಹದಿನೈದು ದಿನಕ್ಕಿಂತ ಕಡಿಮೆ ತಂಗುವವರು ಪ್ರಯಾಣಿಕರೇ. ಆದ್ದರಿಂದ ಅವರು ನಾಲ್ಕು ರಕ್‌ಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಿ ಕಸ್ರ್ ಮಾಡುತ್ತಿದ್ದರು. ನಾವು ಶಾಫಿಈಗಳು. ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ತಂಗುವ ಸಂಕಲ್ಪವಿದ್ದರೆ ಪೂರ್ತಿ ನಮಾಝ್. ಒಂದೇ ಕಟ್ಟಡದಲ್ಲಿ ಅವರು ಪ್ರಯಾಣಿಕರು, ನಾವು ನಿವಾಸಿಗಳು! ನಾವಿಬ್ಬರೂ ನಕ್ಕೆವು. ಆದರೆ ಅತ್ತೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು: “ಪೂರ್ತಿ ನಮಾಝ್ ಮಾಡುವವರು ಮನೆಯ ಪೂರ್ತಿ ಹೊಣೆಯನ್ನೂ ಹೊರಬೇಕು.”

ಆ ಹೊಣೆಯ ಪರೀಕ್ಷೆ ಹನ್ನೊಂದನೆಯ ರಾತ್ರಿ ಬಂತು. ಮಗಳು ಕೈತುಂಬ ಮೆಹಂದಿ ಹಚ್ಚಿಕೊಂಡು ಹಾಗೆಯೇ ನಿದ್ದೆ ಹೋದಳು. ಬೆಳಿಗ್ಗೆ ನೋಡಿದರೆ ಬಿಳಿ ಹಾಸುಬಟ್ಟೆಯ ತುಂಬ ಕೆಂಪು ಕಲೆ. ಉಜ್ಜಿದಷ್ಟೂ ಹರಡಿತು. ನಾಳೆಯೇ ಹೊರಡುವವರಲ್ಲವೇ? ನಾನು ಮೆಲ್ಲನೆ ಅದನ್ನು ಮಡಚಿ, ಒಗೆಯಲು ಕೊಡುವ ಬಟ್ಟೆಗಳ ರಾಶಿಯ ಅಡಿಗೆ ತುರುಕಿದೆ. ಯಾರು ನೋಡುತ್ತಾರೆ?

ಅತ್ತೆ ನೋಡಿದರು. ಬೈಯಲಿಲ್ಲ. “ನಾಳೆ ಇದರ ಲೆಕ್ಕ ಯಾರು ಹೇಳಬೇಕು? ಆ ಹೆಣ್ಣುಮಗಳಲ್ಲವೇ?” ಎಂದಷ್ಟೇ ಕೇಳಿದರು.

ಆ ಹೆಣ್ಣುಮಗಳೆಂದರೆ ದಿನಾಲೂ ಕೋಣೆ ಗುಡಿಸಲು ಬರುತ್ತಿದ್ದ ನೇಪಾಳದ ಯುವತಿ. ಹರಕು ಮುರುಕು ಹಿಂದಿಯಲ್ಲಿ ಅವಳೊಡನೆ ಮಾತಾಡಿದ್ದೆ. ಅವಳ ಏಳು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಾಳೆ. ನನ್ನ ಮಕ್ಕಳಿಗೆ ಅಪ್ಪ ಹೇಗೋ, ಆ ಮಗುವಿಗೆ ಅಮ್ಮ ಹಾಗೆ. ಅಂಥವಳ ತಲೆಯ ಮೇಲೆ ನನ್ನ ತಪ್ಪನ್ನು ಹೊರಿಸಿ ವಿಮಾನ ಹತ್ತಲು ಹೊರಟಿದ್ದೆ!

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಅನ್ಯರ ಮನೆಗಳನ್ನು ಪ್ರವೇಶಿಸುವ ಶಿಷ್ಟಾಚಾರವಿದೆ. ಅನುಮತಿ ಕೇಳಿ, ಸಲಾಮ್ ಹೇಳಿ ಒಳಹೋಗಬೇಕು. ಅದರ ಬೆನ್ನಿಗೇ 29ನೆಯ ಸೂಕ್ತವು, ಯಾರೂ ವಾಸವಿಲ್ಲದ, ನಿಮಗೆ ಉಪಯೋಗವಿರುವ ಮನೆಗಳನ್ನು ಪ್ರವೇಶಿಸಲು ಅಡ್ಡಿಯಿಲ್ಲವೆಂದು ತಿಳಿಸುತ್ತದೆ. ಪ್ರಯಾಣಿಕರ ತಂಗುಮನೆಗಳು ಇದರಲ್ಲಿ ಸೇರುತ್ತವೆ ಎಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಆ ಸೂಕ್ತ ಮುಗಿಯುವುದು ಹೇಗೆ ಗೊತ್ತೇ? ನಾವು ಹೊರಗೆ ತೋರಿಸುವುದನ್ನೂ ಬಚ್ಚಿಡುವುದನ್ನೂ ಅಲ್ಲಾಹನು ಅರಿಯುತ್ತಾನೆ ಎಂಬ ಎಚ್ಚರಿಕೆಯೊಂದಿಗೆ. ಯಜಮಾನನಿಲ್ಲದ ಮನೆಗೆ ಕಾಲಿಡುವವರಿಗೆ ಇದಕ್ಕಿಂತ ತಕ್ಕ ಮಾತು ಬೇರೊಂದಿದೆಯೇ?

ನಾನು ಹಾಸುಬಟ್ಟೆಯನ್ನು ಎತ್ತಿಕೊಂಡು ಕೆಳಗೆ ಸ್ವಾಗತ ಕಚೇರಿಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಮೂವತ್ತು ದಿರ್ಹಮ್ ಬರೆದುಕೊಂಡರು. ಅಷ್ಟೇ! ಮೂವತ್ತು ದಿರ್ಹಮ್‌ಗೆ ನಾನು ನನ್ನ ಅಮಾನತ್ತನ್ನು ಮಾರಲು ಹೊರಟಿದ್ದೆನಲ್ಲಾ ಎಂದು ನಾಚಿಕೆಯಾಯಿತು.

ಪ್ರಯಾಣಿಕರನ್ನು ಉಪಚರಿಸುವುದು ನಮ್ಮ ಮಣ್ಣಿಗೆ ಹೊಸತಲ್ಲ. 1340ರ ದಶಕದಲ್ಲಿ ಹೊನ್ನಾವರ, ಮಂಗಳೂರುಗಳ ಮೂಲಕ ಹಾದುಹೋದ ಇಬ್ನು ಬತೂತಾ, ಈ ಕರಾವಳಿಯ ದಾರಿಯುದ್ದಕ್ಕೂ ತಂಗುವಲ್ಲೆಲ್ಲಾ ಮುಸ್ಲಿಮರ ಮನೆಗಳಿದ್ದು, ಅವರು ಪ್ರಯಾಣಿಕರಿಗೆ ಬೇಕಾದುದನ್ನು ಮಾರಿ, ಅಡುಗೆಯನ್ನೂ ಮಾಡಿಕೊಡುತ್ತಿದ್ದರೆಂದು ಬರೆದಿದ್ದಾನೆ. ಅಂದು ಅತಿಥಿಗೆ ಮನೆಯೊಡತಿಯ ಮುಖ ಕಾಣುತ್ತಿತ್ತು. ಇಂದು ಕೀಲಿಯ ಬದಲು ಒಂದು ಕಾರ್ಡ್ ಕೈಗೆ ಸಿಗುತ್ತದೆ. ಮುಖ ಕಾಣದಿದ್ದರೂ ಹಕ್ಕುಗಳು ಇದ್ದೇ ಇವೆ.

ಹೊರಡುವ ಮುನ್ನ ಅತ್ತೆ ತಟ್ಟೆ ಲೋಟಗಳನ್ನು ತೊಳೆದು ಬೋರಲು ಹಾಕಿದರು. ಒಲೆಯೊರೆಸಿದರು. ಊರಿನಿಂದ ತಂದಿದ್ದ ಹಲಸಿನ ಹಪ್ಪಳದ ಉಳಿದ ಕಟ್ಟನ್ನು ಆ ನೇಪಾಳಿ ಹುಡುಗಿಯ ಕೈಗಿತ್ತು ತಲೆ ಸವರಿದರು. ಬಾಗಿಲೆಳೆಯುವಾಗ ನನ್ನ ಪತಿ ಒಂದು ಗಳಿಗೆ ನಿಂತು ಹಿಂದಿರುಗಿ ನೋಡಿದರು. ಅಂದು ರಾತ್ರಿ ಅವರು ಮತ್ತೆ ಅದೇ ಮಂಚಕ್ಕೆ ಮರಳುವವರು.

“ಇದು ಯಾರ ಮನೆ?” ಎಂದು ಕೇಳಿದ್ದ ಅತ್ತೆಗೆ ಅಂದು ಯಾರೂ ಉತ್ತರ ಕೊಟ್ಟಿರಲಿಲ್ಲ. ಈಗ ಅನಿಸುತ್ತಿದೆ, ನಾವು ಬಾಳುವ ಎಲ್ಲ ಮನೆಗಳೂ ಅವನದೇ. ಒಂದು ದಿನ ಎಲ್ಲವನ್ನೂ ಒಪ್ಪಿಸಿ ಹೊರಡಲೇಬೇಕು. ಕಲೆಯನ್ನು ಬಚ್ಚಿಡದೆ ಹೊರಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.