ಬೇಟೆಯಾದ ಹಕ್ಕಿ ಮತ್ತು ‘ಮೃತಪ್ರಕೃತಿ’: ಫ್ರೆಂಚ್ ಚಿತ್ರಪ್ರಕಾರವೊಂದರ ವಿವೇಚನೆ

ಇಂಗ್ಲಿಷಿನ ‘ಸ್ಟಿಲ್ ಲೈಫ್’ ಎಂಬ ಕಲಾಪರಿಭಾಷೆಗೆ ಕನ್ನಡದಲ್ಲಿ ‘ಸ್ತಬ್ಧಚಿತ್ರ’ ಎಂಬ ಪದವನ್ನು ಬಳಸುವುದುಂಟು. ದಸರಾ ಮೆರವಣಿಗೆಯ ದೃಶ್ಯರೂಪಕಗಳಿಗೂ ಇದೇ ಪದ ರೂಢಿಯಲ್ಲಿರುವುದರಿಂದ ಗೊಂದಲ ಸಹಜ. ಆದರೆ ಸಮಸ್ಯೆ ಇಷ್ಟಕ್ಕೇ ಮುಗಿಯುವುದಿಲ್ಲ. ಡಚ್ ಭಾಷೆಯ ‘ಸ್ಟಿಲೆವೆನ್’ ಪದದಲ್ಲಿ ಅಲುಗದ ಬದುಕಿನ ಸೂಚನೆಯಿದ್ದರೆ, ಫ್ರೆಂಚರ ‘ನಾತ್ಯೂರ್ ಮೋರ್ತ್’ ಎಂದರೆ ಮೃತಪ್ರಕೃತಿ. ಬೇಟೆಯಾದ ಹಕ್ಕಿಗಳ ಫ್ರೆಂಚ್ ಚಿತ್ರಗಳ ಮೂಲಕ ಈ ವ್ಯತ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಾಂತಿಪೂರ್ವ ಫ್ರಾನ್ಸಿನಲ್ಲಿ ಬೇಟೆಯು ಮುಖ್ಯವಾಗಿ ಕುಲೀನವರ್ಗದ ವಿಶೇಷಾಧಿಕಾರವಾಗಿತ್ತು. 1789ರ ಆಗಸ್ಟಿನಲ್ಲಿ ರಾಷ್ಟ್ರೀಯ ಸಭೆಯು ರದ್ದುಪಡಿಸಿದ ಊಳಿಗಮಾನ್ಯ ಹಕ್ಕುಗಳಲ್ಲಿ ಇದೂ ಒಂದು. ಆದುದರಿಂದ ಸಿರಿವಂತರ ಗೋಡೆಗಳ ಮೇಲೆ ತೂಗಿದ ಸತ್ತ ಹಕ್ಕಿಯ ಚಿತ್ರ ಕೇವಲ ಅಲಂಕಾರವಲ್ಲ. ಅದು ಅಧಿಕಾರದ ಗುರುತೂ ಹೌದು. 14ನೆಯ ಲೂಯಿಯ ಬೇಟೆಗಳನ್ನು ಚಿತ್ರಿಸಿದ ಫ್ರಾಂಸ್ವಾ ದೆಪೋರ್ತ್ (1661–1743) 1699ರಲ್ಲಿ ರಾಜ ಅಕಾಡೆಮಿಯ ಪ್ರವೇಶಕ್ಕಾಗಿ ಒಪ್ಪಿಸಿದ ಕೃತಿಯಲ್ಲಿ ತನ್ನನ್ನೇ ಬೇಟೆಗಾರನಾಗಿ, ಕೊಂದ ಪ್ರಾಣಿಪಕ್ಷಿಗಳ ನಡುವೆ ಚಿತ್ರಿಸಿಕೊಂಡಿದ್ದಾನೆ.

ಅಧಿಕಾರದೊಂದಿಗೆ ಇಷ್ಟು ನಿಕಟ ನಂಟಿದ್ದರೂ ಅಕಾಡೆಮಿಯ ಶ್ರೇಣೀಕರಣದಲ್ಲಿ ಈ ಪ್ರಕಾರಕ್ಕೆ ಕೆಳಗಿನ ಸ್ಥಾನವೇ ದೊರೆಯಿತು. 17ನೆಯ ಶತಮಾನದಲ್ಲಿ ಆಂದ್ರೆ ಫೆಲಿಬಿಯಾಂ ರೂಪಿಸಿದ ಶ್ರೇಣಿಯಲ್ಲಿ ಮಾನವಾಕೃತಿಯ ಚಿತ್ರಣಕ್ಕೆ ಹಿರಿತನ; ನಿರ್ಜೀವ ವಸ್ತುಗಳ ಚಿತ್ರಣಕ್ಕೆ ಕಿರಿತನ. ಈ ಮಿತಿಯೊಳಗೇ ಕಲಾವಿದರು ತಮ್ಮ ಪ್ರಯೋಗಗಳನ್ನು ನಡೆಸಿದರು. ಝಾನ್ ಬತೀಸ್ತ್ ಊದ್ರಿಯ (1686–1755) ‘ಬಿಳಿಯ ಬಾತುಕೋಳಿ’ (1753) ಎಂಬ ಕೃತಿಯಲ್ಲಿ ಹಕ್ಕಿ, ಬಟ್ಟೆ, ಮೇಣದಬತ್ತಿ, ಕಾಗದ ಎಲ್ಲವೂ ಬಿಳಿ. ಒಂದರ ಬಿಳುಪು ಮತ್ತೊಂದರಿಂದ ಬೇರೆಯೆಂದು ಕಾಣಿಸುವುದೇ ಅಲ್ಲಿನ ಸಾಧನೆ. 1990ರಲ್ಲಿ ಇಂಗ್ಲೆಂಡಿನ ಹೌಟನ್ ಹಾಲ್‌ನಿಂದ ಈ ಚಿತ್ರ ಕಳವಾಯಿತು.

ಝಾನ್ ಸಿಮೆಯೋಂ ಶಾರ್ದಾಂನ (1699–1779) ಮಾರ್ಗ ಇದಕ್ಕಿಂತ ಭಿನ್ನ. ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಸಂಗ್ರಹದಲ್ಲಿರುವ 1748ರ ಚಿತ್ರದಲ್ಲಿ ಒಂದು ಕವುಜುಗ, ಒಂದು ಪೇರ್ ಹಣ್ಣು, ಒಂದು ಉರುಲು ಇಷ್ಟೇ ಇವೆ. ಬೇಟೆಗಾರನಾಗಲಿ ನಾಯಿಯಾಗಲಿ ಇಲ್ಲ. ವೈಭವದ ಗುರುತುಗಳು ಮರೆಯಾದಂತೆ ನೋಡುಗನ ಗಮನ ಬೇಟೆಯಾಡಿದವನನ್ನು ಬಿಟ್ಟು ಬೇಟೆಯಾದ ಜೀವದ ಮೇಲೆ ನೆಲೆಗೊಳ್ಳುತ್ತದೆ. ಮೊದಲ ಬಾರಿಗೆ ಸತ್ತ ಮೊಲವನ್ನು ಚಿತ್ರಿಸಲು ಹೊರಟಾಗ, ಅದುವರೆಗೆ ಕಂಡ ಚಿತ್ರಗಳನ್ನೆಲ್ಲ ಮರೆಯಬೇಕೆಂದು ಶಾರ್ದಾಂ ನಿಶ್ಚಯಿಸಿದನೆಂದು ಆತನ ಸ್ನೇಹಿತ ಕೊಶಾಂ ದಾಖಲಿಸಿದ್ದಾನೆ. ಇದು ಅಕಾಡೆಮಿಯ ಸಿದ್ಧಮಾದರಿಗಳಿಂದ ಬಿಡುಗಡೆ ಪಡೆಯುವ ಯತ್ನವೆಂದು ಭಾವಿಸಬಹುದು.

ಹೂವು ಹಣ್ಣುಗಳ ಚಿತ್ರಗಳಿಗೆ ‘ನಿಶ್ಚಲಚಿತ್ರ’ ಎಂಬ ಪದ ಸಾಕಾಗಬಹುದು. ಆದರೆ ಈ ಹಕ್ಕಿಗಳು ನಿಶ್ಚಲವಾಗಿದ್ದುದಲ್ಲ, ನಿಶ್ಚಲಗೊಳಿಸಲ್ಪಟ್ಟವು. ಈ ಕ್ರಿಯೆಯನ್ನೂ ಅದರ ಹಿಂದಿನ ಹಕ್ಕನ್ನೂ ಮರೆಮಾಡದ ‘ಮೃತಪ್ರಕೃತಿ’ ಎಂಬ ಪದವನ್ನು, ಕನಿಷ್ಠಪಕ್ಷ ಈ ಪ್ರಕಾರದ ಚರ್ಚೆಯಲ್ಲಾದರೂ, ಉಳಿಸಿಕೊಳ್ಳುವುದು ಉಚಿತವೆನಿಸುತ್ತದೆ.